ಉತ್ತರವಿಲ್ಲದ ಪ್ರಶ್ನೆಗೆ ನಾಲ್ಕು ಅಂಕ

ಸಿದ್ಧಾರ್ಥನಗರದ ನಮ್ಮ ಬಾಡಿಗೆ ಮನೆಯಲ್ಲಿ ಬರೆಯುವ ಜಾಗಗಳು ಎರಡಿದ್ದವು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡಂತೆ ಅಪ್ಪನ ಮೇಜು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಅಮ್ಮನ ಮಣೆ. ಅದರ ಮೇಲೆ ಕೂತು, ತೊಡೆಯ ಮೇಲೆ ನನ್ನ ಪರೀಕ್ಷೆಯ ರಟ್ಟು ಇಟ್ಟುಕೊಂಡು, ಕುಕ್ಕರಿನ ಕಡೆಗೊಂದು ಕಿವಿ ಕೊಟ್ಟು ಅವಳು ಬರೆಯುತ್ತಿದ್ದಳು. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅಮ್ಮ ಬಿ.ಎಡ್. ಮಾಡಿ ಎರಡು ವರ್ಷ ಪಾಠ ಹೇಳಿ, ನಾನು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು. ಪುಸ್ತಕದ ಅಂಗಡಿಗಳಲ್ಲಿ ಜೂನ್ ತಿಂಗಳಲ್ಲಿ ರಾಶಿ ಹಾಕಿರುತ್ತಾರಲ್ಲ, ಪಾಠದ ಕೊನೆಯ ಪ್ರಶ್ನೆಗಳಿಗೆಲ್ಲ ಉತ್ತರ ಬರೆದುಕೊಟ್ಟಿರುವ ಗೈಡುಗಳು, ಅವುಗಳಲ್ಲಿ ಕೆಲವನ್ನು ಬರೆಯುತ್ತಿದ್ದವಳು ನಮ್ಮಮ್ಮ. ಗೈಡಿನ ರಟ್ಟಿನ ಮೇಲೆ ಅವಳ ಹೆಸರು ಇರುತ್ತಿರಲಿಲ್ಲ. 'ಅನುಭವಿ ಶಿಕ್ಷಕರಿಂದ' ಎಂದಷ್ಟೇ ಅಚ್ಚಾಗಿರುತ್ತಿತ್ತು. ಅಪ್ಪನಿಗೆ ಇದು ಗೊತ್ತಿತ್ತು, ಆದರೆ ಅದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ. ಗೈಡಿನ ಹಸ್ತಪ್ರತಿ ಮನೆಯಲ್ಲಿ ಎಲ್ಲಿ ಬಿದ್ದಿದ್ದರೂ ದಾಟಿಕೊಂಡು ಹೋಗುತ್ತಿದ್ದ.

ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ ಒಲೆ ಹಚ್ಚುವಳು. ಒಂಬತ್ತಕ್ಕೆ ಸರಿಯಾಗಿ ಮುದ್ದೆ, ಉಪ್ಪುಸಾರು. ಮೂವರೂ ಅಡುಗೆಮನೆಯಲ್ಲೇ ಕೂತು ಉಣ್ಣುತ್ತಿದ್ದೆವು. ಅಪ್ಪ ಪ್ರಶ್ನೆ ಕೇಳುತ್ತಿದ್ದದ್ದು ಆ ಹೊತ್ತಿನಲ್ಲೇ. ಮುದ್ದೆಯನ್ನು ಏಕೆ ಅಗಿಯಬಾರದು? ಅರಮನೆಯ ಗೋಡೆ ಅಷ್ಟು ಎತ್ತರ ಏಕೆ? ನಮ್ಮ ಬೀದಿಯಲ್ಲಿ ಒಂದು ಕಡೆ ಮಾತ್ರ ಮರ ಇವೆ, ಇನ್ನೊಂದು ಕಡೆ ಏಕಿಲ್ಲ? ನಾನು ಏನಾದರೂ ಹೇಳಿದರೆ ಅವನು ತಲೆ ಅಲ್ಲಾಡಿಸುವನು.

"ಇದು ಯಾರೋ ಹೇಳ್ಕೊಟ್ಟಿದ್ದು. ನಿನಗೇನನ್ಸುತ್ತೆ, ಅದನ್ನ ಹೇಳು."

"ಮಗು ಮೊದ್ಲು ಉಣ್ಲಿ ಬುಡ್ರೀ," ಎಂದು ಅಮ್ಮ ಸಾರು ಬಡಿಸುವಳು.

ನನಗೇನನ್ನಿಸುತ್ತದೆ ಎಂದು ಹುಡುಕುವಷ್ಟರಲ್ಲಿ ಮುದ್ದೆ ಆರಿರುತ್ತಿತ್ತು. ನಿಜ ಹೇಳಬೇಕೆಂದರೆ ಎಷ್ಟೋ ದಿನ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಸ್ವಲ್ಪ ಸುಮ್ಮನಿದ್ದು, ಹುಬ್ಬು ಗಂಟಿಕ್ಕಿ, "ಗೊತ್ತಾಗ್ತಿಲ್ಲ, ನೋಡ್ಕೊಂಡು ಬಂದು ಹೇಳ್ತೀನಿ" ಅಂದರೆ ಅಪ್ಪನಿಗೆ ಬಹಳ ಸಂತೋಷವಾಗುತ್ತದೆ ಎಂದು ಬೇಗ ಕಲಿತೆ. ಸಂಜೆ ಅಮ್ಮ ಪಾಠ ಒಪ್ಪಿಸಿಕೊಳ್ಳುವಾಗ, ಅವಳಿಗೆ ಬೇಕಾದ ಹಾಗೆ ಅಂಚು ಬಿಟ್ಟು, ಒಂದು, ಎರಡು, ಮೂರು ಎಂದು ಅಂಶಗಳನ್ನು ಬರೆದು ಕೆಳಗೆ ಗೆರೆ ಎಳೆಯುವುದನ್ನೂ ಕಲಿತೆ. ಇಬ್ಬರಿಗೂ ನಾನು ಜಾಣೆ. ಈಗ ಯೋಚಿಸಿದರೆ, ಯಾರ ಮುಂದೆ ಏನು ಹೇಳಬೇಕು ಎಂಬುದೊಂದನ್ನೇ ನಾನು ಆ ಮನೆಯಲ್ಲಿ ಚೆನ್ನಾಗಿ ಕಲಿತದ್ದು ಅನ್ನಿಸುತ್ತದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಅಪ್ಪನನ್ನು ಒಂಬತ್ತನೇ ತರಗತಿಯ ಪಠ್ಯಪುಸ್ತಕ ಬರೆಯುವ ಸಮಿತಿಗೆ ಹಾಕಿಕೊಂಡರು. ತಿಂಗಳಿಗೆರಡು ಶನಿವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವನು. ಹೋಗುವಾಗ ಮದುವೆಗೆ ಹೋಗುವವನ ಹಾಗೆ ಇಸ್ತ್ರಿ ಮಾಡಿದ ಶರಟು. ಬರುವಾಗ ಸುಸ್ತಾಗಿ, ಕಾಗದದ ಕಟ್ಟನ್ನು ಮೇಜಿನ ಮೇಲೆ ಹಾಕಿ, ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂರುವನು. ಅವನ ಪಾಲಿಗೆ ಬಂದದ್ದು ನಗರಗಳ ಬಗ್ಗೆ ಒಂದು ಪಾಠ. ಅದರಲ್ಲಿ ನೀರಿನ ವಿಷಯ ಎರಡು ಪುಟ. ಅಷ್ಟನ್ನು ಬರೆಯಲು ಆರು ತಿಂಗಳು ಒದ್ದಾಡಿದ. ಪಾಠಕ್ಕಿಂತ ಅವನಿಗೆ ಪಾಠದ ಕೊನೆಯ ಪ್ರಶ್ನೆಗಳೇ ಮುಖ್ಯ. ಮೇಷ್ಟ್ರುಗಳು ಪಾಠವನ್ನು ಓದಿಸಿ ಮುಗಿಸುತ್ತಾರೆ, ಮಕ್ಕಳು ಏನಾದರೂ ಯೋಚಿಸುವುದಿದ್ದರೆ ಪ್ರಶ್ನೆಯ ಮುಂದೆ ಕೂತಾಗಲೇ ಎನ್ನುತ್ತಿದ್ದ. ಪಾಠದಲ್ಲಿ ಉತ್ತರ ಸಿಗದ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದ. ಎರಡನ್ನು ಸಮಿತಿಯವರು ಹೊಡೆದುಹಾಕಿದರು. ಅವತ್ತು ಅವನು ಬಂದು ಹೇಳಿದ್ದು ನನಗೆ ನೆನಪಿದೆ, ಏಕೆಂದರೆ ಅಮ್ಮ ಅಪರೂಪಕ್ಕೆ ಮುಂದಿನ ಕೋಣೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಪರೀಕ್ಷೇಲಿ ಇದನ್ನ ಹೇಗೆ ಅಳೀತೀರಿ ಅಂತಾರೆ. ಅಳೆಯಕ್ಕಾಗಲ್ಲ ಅಂದ್ರೆ ಪ್ರಶ್ನೇನೇ ಬೇಡ ಅಂತಾರೆ."

"ಮತ್ತೆ ಒಂದು ಉಳಿದಿದ್ಯಲ್ಲ?"

"ಒಂದಕ್ಕೆ ನಾಲ್ಕು ಅಂಕ ಇಡೋಣ ಅಂತ ನಾನೇ ಅಂದೆ. ಅಂಕ ಇಲ್ದಿದ್ರೆ ಯಾವ ಮೇಷ್ಟ್ರೂ ಮಾಡ್ಸಲ್ಲ. ಅಂಕ ಅಂದ ಮೇಲೆ ಒಪ್ಕೊಂಡ್ರು."

ಉಳಿದ ಪ್ರಶ್ನೆ ಇದು: ನಿಮ್ಮ ಊರಿನಲ್ಲಿ ಎಲ್ಲ ಬೀದಿಗಳಿಗೂ ಒಂದೇ ರೀತಿ ನೀರು ಬರುತ್ತದೆಯೇ? ವಿಚಾರಿಸಿ. ಇಲ್ಲದಿದ್ದರೆ ಏಕೆ ಎಂದು ನಿಮಗೆ ಅನ್ನಿಸುತ್ತದೆ?

ಮುಂದಿನ ಬೇಸಿಗೆಯಲ್ಲಿ ಪುಸ್ತಕ ಅಚ್ಚಾಗಿ ಬಂತು. ಅದರ ಹಿಂದೆಯೇ ಗೈಡಿನ ಪ್ರಕಾಶಕರು ಸ್ಕೂಟರಿನಲ್ಲಿ ಬಂದರು. ಶಾಲೆ ಶುರುವಾಗುವುದರೊಳಗೆ ಗೈಡು ಅಂಗಡಿಯಲ್ಲಿರಬೇಕು ಎಂದು ಹೇಳಿ, ಅಮ್ಮನ ಕೈಗೆ ಹೊಸ ಪುಸ್ತಕ ಕೊಟ್ಟು ಹೋದರು. ಅಮ್ಮ ಮಣೆ ಬಿಟ್ಟು ಏಳದೆ ಬರೆದಳು. ಹಪ್ಪಳ ಒಣಹಾಕುವ ಕೆಲಸವನ್ನೂ ಆ ವರ್ಷ ಬಿಟ್ಟಳು. ಅಪ್ಪನ ಪಾಠದ ಕೊನೆಗೆ ಬಂದಾಗ ಪೆನ್ನು ನಿಲ್ಲಿಸಿ, ಅಲ್ಲಿಂದಲೇ ಕೂಗಿ ಕೇಳಿದಳು.

"ರೀ, ಈ ನೀರಿನ ಪ್ರಶ್ನೆಗೆ ಏನು ಉತ್ತರ?"

"ಉತ್ತರ ಇಲ್ಲ."

"ಉತ್ತರ ಇಲ್ಲ ಅಂತ ಗೈಡಲ್ಲಿ ಬರೆಯಕ್ಕಾಗುತ್ತಾ?"

"ಮಕ್ಕಳು ಹೋಗಿ ಕೇಳ್ಕೊಂಡು ಬರ್ಬೇಕು. ಒಂದೊಂದು ಬೀದೀಲಿ ಒಂದೊಂದು ಬರುತ್ತೆ. ಅದನ್ನ ಬಿಟ್ಬಿಡು."

ಅಮ್ಮ ಎರಡು ದಿನ ಬಿಟ್ಟಿದ್ದಳು. ಪುಟದಲ್ಲಿ ಅಷ್ಟು ಜಾಗ ಖಾಲಿ ಇಟ್ಟು ಮುಂದಿನ ಪಾಠಕ್ಕೆ ಹೋಗಿದ್ದಳು. ಮೂರನೆಯ ದಿನ ಪ್ರಕಾಶಕರ ಕಡೆಯವರು ಹಸ್ತಪ್ರತಿ ತೆಗೆದುಕೊಳ್ಳಲು ಬಂದು ಜಗಲಿಯಲ್ಲಿ ಕಾಯುತ್ತಿರುವಾಗ, ಹಾಲು ಉಕ್ಕದ ಹಾಗೆ ಒಲೆ ಸಣ್ಣ ಮಾಡಿ, ಆ ಜಾಗವನ್ನು ತುಂಬಿಸಿದಳು. ನಾನು ಪಕ್ಕದಲ್ಲಿದ್ದೆ. 'ನನ್ನ ಅಭಿಪ್ರಾಯದಲ್ಲಿ, ನಮ್ಮ ಊರಿನಲ್ಲಿ ಎಲ್ಲ ಬೀದಿಗಳಿಗೂ ಒಂದೇ ರೀತಿ ನೀರು ಬರುವುದಿಲ್ಲ. ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಆರು ಗಂಟೆಗೆ ನೀರು ಬರುತ್ತದೆ. ಇದಕ್ಕೆ ಕಾರಣಗಳು: ೧. ಜನಸಂಖ್ಯೆಯ ಹೆಚ್ಚಳ. ೨. ಹಳೆಯ ಕೊಳವೆಗಳಲ್ಲಿ ಸೋರಿಕೆ. ೩. ಎತ್ತರದ ಜಾಗಗಳಿಗೆ ನೀರು ಏರದಿರುವುದು. ೪. ಜನರು ನೀರನ್ನು ಪೋಲು ಮಾಡುವುದು.' ಬರೆದು ಮುಗಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹಾಲು ಇಳಿಸಿ, ಕಾಗದಗಳನ್ನು ದಾರದಿಂದ ಕಟ್ಟಿ ಹೊರಗೆ ಕೊಟ್ಟಳು.

ಒಂಬತ್ತನೇ ತರಗತಿಯಲ್ಲಿ ಅಪ್ಪನೇ ನನ್ನ ಮೇಷ್ಟ್ರು. ಅದೇ ವರ್ಷ ನಮ್ಮ ತರಗತಿಗೆ ಭಾಗ್ಯ ಎಂಬ ಹುಡುಗಿ ಬಂದು ಸೇರಿದಳು. ಹಿನಕಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ತಂದೆ ಗಾರೆ ಕೆಲಸ ಮಾಡುತ್ತಿದ್ದರು. ಅವಳಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಗಣಿತ ಹೇಗೋ ನಡೆಯುತ್ತಿತ್ತು. ಮಾತು ಮಾತ್ರ ಯಾರಿಗೂ ಹೆದರದೆ ಆಡುತ್ತಿದ್ದಳು. ಅಪ್ಪ ಆ ಪಾಠ ಮುಗಿಸಿದ ದಿನ, ಉತ್ತರವನ್ನು ತರಗತಿಯಲ್ಲಿ ಬರೆಸುವುದಿಲ್ಲ, ಒಂದು ವಾರ ಬಿಟ್ಟು ನೀವು ವಿಚಾರಿಸಿಕೊಂಡು ಬಂದದ್ದನ್ನು ನನಗೆ ಹೇಳಬೇಕು ಎಂದ. ಅರ್ಧ ತರಗತಿ ನಕ್ಕಿತು, ಏಕೆಂದರೆ ಗೈಡು ಎಲ್ಲರ ಚೀಲದಲ್ಲೂ ಇತ್ತು. ಭಾಗ್ಯ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ನನ್ನನ್ನು ಕೇಳಿದಳು.

"ಭಾನ್ವಾರ ನಮ್ಮೂರ್ಗೆ ಬತ್ತೀಯಾ ಗೌರಿ? ನೀರು ಬುಡೋರು ಬತ್ತಾರೆ. ಅವ್ರನ್ನೇ ಕೇಳ್ಮ."

ಅಪ್ಪ ಖುಷಿಯಿಂದ ಕಳಿಸಿದ. ಆಗ ಹಿನಕಲ್ ಪೂರ್ತಿ ಊರೂ ಅಲ್ಲ, ಸಿಟಿಯೂ ಅಲ್ಲ. ಅವಳ ಬೀದಿಯಲ್ಲಿ ಹುಲ್ಲಿನ ಮೆದೆ, ಎಮ್ಮೆ, ತಿರುಗಿದರೆ ಹೊಸ ಬಡಾವಣೆಯ ಬಿಳಿ ಕಲ್ಲುಗಳು. ಅವಳ ಮನೆಯ ಮುಂದೆಯೇ ಒಂದು ದಪ್ಪ ಕಬ್ಬಿಣದ ಪೈಪು ಹಾದುಹೋಗಿತ್ತು. ಬೀದಿಯ ಹೆಂಗಸರು ದೂರದ ಬೋರ್‌ವೆಲ್ಲಿನಿಂದ ಬಿಂದಿಗೆ ಹೊತ್ತು ತಂದು, ದಣಿವಾರಿಸಿಕೊಳ್ಳಲು ಆ ಪೈಪಿನ ಮೇಲೆಯೇ ಬಿಂದಿಗೆ ಇಟ್ಟು ನಿಲ್ಲುತ್ತಿದ್ದರು. ಭಾಗ್ಯ ನನ್ನ ಕಿವಿಯನ್ನು ಪೈಪಿಗೆ ಒತ್ತಿಸಿದಳು. ಒಳಗೆ ನೀರು ಓಡುವುದು ಕೇಳಿಸಿತು. ಹತ್ತು ಗಂಟೆಗೆ ನೀರು ಬಿಡುವ ಕೆಲಸದವರು ಆ ಪೈಪಿನ ವಾಲ್ವ್ ತಿರುಗಿಸಲು ಸೈಕಲ್ಲಿನಲ್ಲಿ ಬಂದರು. ವಯಸ್ಸಾದವರು, ಕೋಪಿಷ್ಠರಲ್ಲ. ಈ ನೀರು ನಮಗೇಕಿಲ್ಲ ಎಂದು ಭಾಗ್ಯ ಅವರನ್ನು ಕೇಳಿದಳು.

"ಇದು ಲೇಔಟ್‌ಗೆ ಹೋಗೋ ಪೈಪು ಕಣಮ್ಮ. ನಿಮ್ದು ಹಳ್ಳಿ ಲೆಕ್ಕ. ನಿಮ್ಗೆ ಬೋರ್‌ವೆಲ್ಲು."

"ಲೇಔಟಲ್ಲಿ ಇನ್ನೂ ಮನೇನೇ ಕಟ್ಟಿಲ್ವಲ್ಲ."

"ಕಟ್ತಾರೆ."

"ಆ ಲೇಔಟೂ ನಮ್ಮೂರ್ ಹೊಲಾನೇ ಅಲ್ವಾ? ಹೊಲ ಎಂಗೆ ಸಿಟಿಯಾಯ್ತು, ನಾವು ಎಂಗೆ ಹಳ್ಳಿಯಾದೊ?"

ಅವರು ಸೈಕಲ್ಲಿನ ಸ್ಟ್ಯಾಂಡ್ ತೆಗೆದರು. "ಇದನ್ನೆಲ್ಲ ನನ್ನನ್ನ ಕೇಳ್ಬ್ಯಾಡ ಮಗ, ನಾನು ತಿರುಗ್ಸು ಅಂದಿದ್ದನ್ನ ತಿರುಗ್ಸೋನು," ಎಂದು ಸೈಕಲ್ ಹತ್ತಿದರು. ಇಷ್ಟನ್ನೂ ನಾನು ಪಕ್ಕದಲ್ಲಿ ನಿಂತು ಕೇಳಿದೆ, ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಸೋಮವಾರ ತರಗತಿಯಲ್ಲಿ ಇಬ್ಬರೂ ಎದ್ದು ನಿಂತು ಹೇಳಿದೆವು. ಅಪ್ಪನ ಮುಖ ಅವತ್ತು ಇದ್ದ ಹಾಗೆ ನಾನು ಮತ್ತೆ ನೋಡಿಲ್ಲ.

ವಾರ್ಷಿಕ ಪರೀಕ್ಷೆಗೆ ಸುತ್ತಮುತ್ತಲ ಶಾಲೆಗಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಅದರಲ್ಲಿ ನೀರಿನ ಪ್ರಶ್ನೆ ಇತ್ತು. ನನ್ನ ಉತ್ತರಪತ್ರಿಕೆಯನ್ನು ಬೇರೆ ಮೇಷ್ಟ್ರಿಗೆ ಕೊಟ್ಟು, ಉಳಿದವರ ಕಟ್ಟನ್ನು ಅಪ್ಪ ಮನೆಗೆ ತಂದ. ಭಾನುವಾರ ಬೆಳಿಗ್ಗೆ ಮೇಜಿನ ಮುಂದೆ ಕೂತವನು ಎರಡು ಗಂಟೆ ಕಳೆದರೂ ಏಳಲಿಲ್ಲ. ಆಮೇಲೆ ಐದಾರು ಪತ್ರಿಕೆ ಹಿಡಿದು ಅಡುಗೆಮನೆಗೆ ಬಂದು, ನಿಂತುಕೊಂಡೇ ಓದಿದ.

"ನನ್ನ ಅಭಿಪ್ರಾಯದಲ್ಲಿ, ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಆರು ಗಂಟೆಗೆ ನೀರು ಬರುತ್ತದೆ." ಪತ್ರಿಕೆ ಬದಲಾಯಿಸಿದ. "ನನ್ನ ಅಭಿಪ್ರಾಯದಲ್ಲಿ, ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಆರು ಗಂಟೆಗೆ. ಈ ಹುಡುಗನ ಮನೇಲಿ ಬಾವಿ ಇದೆ ಕಣೆ. ನಾನೇ ಅವರ ಮನೇಲಿ ನೀರು ಕುಡ್ದು ಬಂದಿದೀನಿ. ಇವನ ಬೀದಿಗೂ ಆರು ಗಂಟೆಗೆ."

ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. ಮುರಿಯುವುದನ್ನು ನಿಲ್ಲಿಸಲಿಲ್ಲ.

"ಎಲ್ಲರ ಬೀದೀನೂ ನಮ್ಮ ಬೀದಿ ಆಗೋಗಿದೆ," ಎಂದ ಅಪ್ಪ.

"ನಿಮ್ಮ ಪ್ರಶ್ನೆ ಚೆನ್ನಾಗೇ ಇದೆ. ನಾನೇನೂ ಇಲ್ಲ ಅನ್ನಲ್ಲ. ಆದ್ರೆ ನೀವು ಕೇಳ್ಬುಟ್ಟು ಹೋಗ್ಬುಡ್ತೀರಿ. ನಿಮ್ಮ ಸ್ಕೂಲಲ್ಲಾದ್ರೆ ನೀವಿದ್ದೀರಿ. ಬೇರೆ ಊರಲ್ಲಿ, ಮನೇಲಿ ಓದಿದೋರು ಇಲ್ದೆ ಇರೋ ಮಗು ಯಾರನ್ನ ಕೇಳ್ಬೇಕು? ಅವ್ರ ಮೇಷ್ಟ್ರಿಗೇ ಗೊತ್ತಿಲ್ಲ. ಅದರ ಕೈಗೆ ನಾನು ಏನೋ ಒಂದು ಕೊಡ್ತೀನಿ, ಪಾಸಾಗಕ್ಕೆ."

"ಪಾಸಾಗಕ್ಕೆ ಅಂತ ಬರೀಲಿಲ್ಲ ನಾನು ಆ ಪಾಠಾನ."

"ಅವು ಸ್ಕೂಲಿಗೆ ಬರೋದು ಪಾಸಾಗಕ್ಕೇ ಕಣ್ರೀ."

ಇಬ್ಬರೂ ದನಿ ಎತ್ತಿರಲಿಲ್ಲ. ನಮ್ಮ ಮನೆಯ ಜಗಳಗಳೆಲ್ಲ ಹೀಗೆಯೇ, ಹೊರಗಿನವರು ಕೇಳಿದರೆ ಲೋಕಾಭಿರಾಮ ಎಂದುಕೊಳ್ಳಬೇಕು. ಅಪ್ಪ ಕೊನೆಗೆ ಒಂದು ಪತ್ರಿಕೆಯನ್ನು ಅಮ್ಮನ ಪಕ್ಕ ನೆಲದ ಮೇಲಿಟ್ಟು ಹೋದ. ಭಾಗ್ಯಳದು. ಅಮ್ಮ ಕೈ ಒರೆಸಿಕೊಂಡು ಓದಿದಳು, ನಾನು ಅವಳ ಭುಜದ ಮೇಲಿಂದ ಓದಿದೆ. ಒಂದೂವರೆ ಪುಟ, ತುಂಬ ಕಾಗುಣಿತದ ತಪ್ಪು. 'ನಮ್ಮ ಮನೆ ಮುಂದೆ ದೊಡ್ಡ ಪೈಪು ಹೋಗಿದೆ. ಅದರಲ್ಲಿ ನೀರು ಓಡುವ ಸದ್ದು ಕೇಳುತ್ತದೆ. ಅದು ನಮಗಲ್ಲ. ಇನ್ನೂ ಮನೆ ಕಟ್ಟದವರಿಗೆ. ನಾವು ಮೊದಲಿನಿಂದ ಇದ್ದೇವೆ, ನಮಗೆ ಏಕಿಲ್ಲ ಎಂದು ಕೇಳಿದೆ. ನಿಮ್ಮದು ಹಳ್ಳಿ ಎಂದರು. ಬಡಾವಣೆ ಇರುವುದೂ ನಮ್ಮ ಹಳ್ಳಿಯ ಹೊಲದ ಮೇಲೆ. ಹೊಲ ಯಾವಾಗ ಸಿಟಿಯಾಯಿತು, ನಾವು ಯಾವಾಗ ಆಗುತ್ತೇವೆ ಎಂದು ಅವರಿಗೂ ತಿಳಿದಿಲ್ಲ. ನನಗೆ ಅನ್ನಿಸುವುದು, ಪೈಪು ಹಾಕುವ ಮೊದಲು ನಮ್ಮನ್ನು ಯಾರೂ ಕೇಳಲಿಲ್ಲ.' ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅಪ್ಪ ನಾಲ್ಕಕ್ಕೆ ನಾಲ್ಕು ಹಾಕಿದ್ದ.

ಮಧ್ಯಾಹ್ನ ಅಪ್ಪ ನನ್ನನ್ನು ಕರೆದು ಕೇಳಿದ.

"ನೀನೇನು ಬರೆದೆ ಅದಕ್ಕೆ?"

ಸುಳ್ಳು ಹೇಳಬಹುದಿತ್ತು, ನನ್ನ ಪತ್ರಿಕೆ ಅವನ ಕೈಗೆ ಬರುತ್ತಿರಲಿಲ್ಲ.

"ನಾಲ್ಕು ಪಾಯಿಂಟ್ ಬರೆದೆ. ಅಮ್ಮಂದು."

"ಹಿನಕಲ್‌ಗೆ ಹೋಗಿದ್ದು?"

"ಅದು ಬರ್ದ್ರೆ ಎಷ್ಟು ಕೊಡ್ತಾರೋ ಗೊತ್ತಿರ್ಲಿಲ್ಲ."

ಅವನು ತಲೆ ಆಡಿಸಿದ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. "ಸರಿ, ಹೋಗು," ಎಂದು ಮುಂದಿನ ಪತ್ರಿಕೆ ತೆಗೆದುಕೊಂಡ. ನನಗೆ ನಾಲ್ಕಕ್ಕೆ ನಾಲ್ಕು ಬಂದಿತ್ತು.

ಭಾಗ್ಯಳ ನಾಲ್ಕು ಅಂಕ ನಾಲ್ಕಾಗಿ ಉಳಿಯಲಿಲ್ಲ. ತಿದ್ದಿದ ಪತ್ರಿಕೆಗಳನ್ನು ಇನ್ನೊಬ್ಬ ಮೇಷ್ಟ್ರು ಪರಿಶೀಲಿಸುವ ಪದ್ಧತಿ ಇತ್ತು. ಪ್ರಶ್ನೆಪತ್ರಿಕೆಯ ಜೊತೆ ಅಚ್ಚಾದ ಕೀ ಆನ್ಸರ್ ಬಂದಿತ್ತು. ಅದರಲ್ಲಿ ಆ ಪ್ರಶ್ನೆಗೆ ನಾಲ್ಕು ಅಂಶ, ಒಂದೊಂದಕ್ಕೆ ಒಂದೊಂದು ಅಂಕ. ಭಾಗ್ಯಳ ಒಂದೂವರೆ ಪುಟದಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. ಎಲ್ಲ ಬೀದಿಗೂ ಒಂದೇ ರೀತಿ ಬರುವುದಿಲ್ಲ ಎಂದು ಬರೆದಿದ್ದಾಳೆ ಎಂಬ ಕರುಣೆಗೆ ಒಂದು ಉಳಿಸಿ ಮೂರು ಕಳೆದರು. ಅದನ್ನು ಬರೆಯುವುದರಲ್ಲಿ ಹೊತ್ತು ಕಳೆದು ಅವಳು ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಸಮಾಜದಲ್ಲಿ ಫೇಲಾದಳು. ಇಂಗ್ಲಿಷಿನಲ್ಲಿ ಮೊದಲೇ ಫೇಲು. ಒಂದು ವಿಷಯವಾದರೆ ಮುಂದಕ್ಕೆ ತಳ್ಳುತ್ತಿದ್ದರು, ಎರಡಾದರೆ ಇಲ್ಲ. ಅಪ್ಪ ಹೆಡ್ಮಾಸ್ಟರ ಕೋಣೆಗೆ ಹೋಗಿ ವಾದ ಮಾಡಿದ. ಅವರು ಕೆಟ್ಟವರಲ್ಲ, ಅಪ್ಪನಿಗೆ ಕಾಫಿ ತರಿಸಿಕೊಟ್ಟು ಹೇಳಿದರಂತೆ:

"ಪ್ರಶ್ನೆ ನಿಮ್ದೇ ಇರ್ಬೋದು ಸಾರ್. ಕೀ ಆನ್ಸರ್ ನಿಮ್ದಲ್ವಲ್ಲ."

ಆ ಕೀ ಆನ್ಸರಿನ ಹಾಳೆಯನ್ನು ಅಪ್ಪ ಮನೆಗೆ ತಂದು ಅಮ್ಮನಿಗೆ ಕೊಟ್ಟ. ಅಮ್ಮ ಬೆರಳಿಟ್ಟು ಓದುತ್ತ ಬಂದು ಮೂರನೆಯ ಅಂಶದ ಮೇಲೆ ಬೆರಳು ನಿಲ್ಲಿಸಿದಳು. 'ಎತ್ತರದ ಜಾಗಗಳಿಗೆ ನೀರು ಏರದಿರುವುದು.'

"ಇದು ನಂದು," ಎಂದಳು. ಉಳಿದವನ್ನೂ ಓದಿ, "ಗೈಡ್ ನೋಡ್ಕೊಂಡು ಮಾಡ್ಬುಟ್ಟವ್ರೆ," ಎಂದಳು. ಆಮೇಲೆ ಆ ಹಾಳೆಯನ್ನು ಮಡಿಸಿ ಮಡಿಸಿ ಸಣ್ಣದು ಮಾಡಿದಳು. ಅವಳ ಕೈ ಬೆರಳಿನ ಪಕ್ಕ ಪೆನ್ನು ಹಿಡಿದು ಹಿಡಿದು ಒಂದು ಗಂಟು ಬಿದ್ದಿತ್ತು, ಅದನ್ನು ಉಜ್ಜಿಕೊಳ್ಳುತ್ತ ಕೂತಳು. ಆ ದಿನ ಅಪ್ಪ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅವಳು ಅಂದುಕೊಳ್ಳಬಹುದಾದ್ದೆಲ್ಲ ಅವಳೇ ಅಂದುಕೊಳ್ಳುತ್ತಿದ್ದಾಳೆ ಎಂದು ಅವನಿಗೆ ತಿಳಿದಿರಬೇಕು. ಮಾರನೆಯ ದಿನ ಬೆಳಿಗ್ಗೆ ಅಮ್ಮ ನನಗೆ ಹೇಳಿದಳು:

"ಆ ಹುಡುಗೀನ ಮನೆಗೆ ಕರ್ಕೊಂಡ್ಬಾ."

ಶಾಲೆ ತೆರೆಯುವ ಮೊದಲು ಫೇಲಾದವರಿಗೆ ಮರುಪರೀಕ್ಷೆ ಇತ್ತು. ಆ ಬೇಸಿಗೆ ಪೂರ್ತಿ ಭಾಗ್ಯ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ತನಕ ನಮ್ಮ ಅಡುಗೆಮನೆಯಲ್ಲಿ ಓದಿದಳು. ನಮ್ಮ ಜೊತೆ ಉಂಡಳು. ಅಮ್ಮ ಒಳ್ಳೆಯ ಟೀಚರು ಎಂಬುದು ನನಗೆ ಗೊತ್ತಾದದ್ದು ಆಗಲೇ. ಇಂಗ್ಲಿಷನ್ನು ತರಕಾರಿಯ ಹೆಸರಿನಿಂದ ಶುರುಮಾಡಿ ವಾಕ್ಯದವರೆಗೆ ತಂದಳು. ಸಮಾಜದಲ್ಲಿ ಮಾತ್ರ ಅವಳು ಗೈಡನ್ನೇ ತೆಗೆದಳು. ನೀರಿನ ಪ್ರಶ್ನೆ ಬಂದ ದಿನ ಭಾಗ್ಯ ನಾಲ್ಕನೆಯ ಅಂಶವನ್ನು ಎರಡು ಸಲ ಓದಿ ತಲೆ ಎತ್ತಿದಳು.

"ಜನ ನೀರು ಪೋಲು ಮಾಡ್ತಾರೆ ಅಂತ ಬರ್ದದೆ ಅಮ್ಮ. ನಮ್ ಬೀದೀಲಿ ಬರೋದೇ ಇಲ್ಲ, ಪೋಲು ಎಂಗೆ ಮಾಡೋದು?"

ಅಮ್ಮ ಗೈಡನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ತಾನೂ ಓದಿದಳು.

"ನಿನ್ನ ಬೀದಿ ವಿಷ್ಯ ನಿನಗೆ ಗೊತ್ತಲ್ಲ, ಅದು ಎಲ್ಲೂ ಹೋಗಲ್ಲ. ಪೇಪರಿಗೆ ಇದನ್ನ ಬರಿ ಮಗ. ಈ ಸಲ ಪಾಸಾಗ್ಬುಡು."

ಭಾಗ್ಯ ಪಾಸಾದಳು. ಫಲಿತಾಂಶ ಗೊತ್ತಾದ ದಿನ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದು ಅಮ್ಮನ ಕಾಲು ಮುಟ್ಟಿದಳು. ಮುಂದಿನ ಕೋಣೆಯಲ್ಲಿ ಅಪ್ಪ ಅವಳನ್ನು ನಿಲ್ಲಿಸಿ, ನೀರಿನ ಪ್ರಶ್ನೆ ಬಂದಿತ್ತಾ ಎಂದು ಕೇಳಿದ. ಬಂದಿತ್ತು ಸಾ ಎಂದು, ಕೈ ಕಟ್ಟಿ ನಿಂತು, ಜನಸಂಖ್ಯೆಯ ಹೆಚ್ಚಳದಿಂದ ಹಿಡಿದು ಪೋಲಿನವರೆಗೆ ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ಅಪ್ಪ ಶಭಾಷ್ ಎಂದ. ಬೇರೆ ಏನು ಹೇಳಲು ಸಾಧ್ಯವಿತ್ತು. ಅಡುಗೆಮನೆಯಲ್ಲಿ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅವಳು ಹೊರಗೆ ಬರಲಿಲ್ಲ.

ಹತ್ತನೇ ತರಗತಿಯಲ್ಲಿ ಭಾಗ್ಯ ಎದ್ದು ನಿಂತು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಆಮೇಲೆ ಅವಳು ಟೈಲರಿಂಗ್ ಕಲಿಯಲು ಹೋದಳು, ನಾನು ಕಾಲೇಜಿಗೆ ಹೋದೆ, ಸಂಪರ್ಕ ತಪ್ಪಿತು. ಪುಸ್ತಕ ಪರಿಷ್ಕರಣೆಯಾದಾಗ ಅಪ್ಪನ ಪ್ರಶ್ನೆಯನ್ನು ತೆಗೆದು, ಆ ಜಾಗದಲ್ಲಿ ಬಿಟ್ಟ ಸ್ಥಳ ತುಂಬುವ ಐದು ಪ್ರಶ್ನೆ ಹಾಕಿದರು. ಅಷ್ಟರಲ್ಲಿ ಅಪ್ಪ ಸಮಿತಿಯನ್ನು ಬಿಟ್ಟಾಗಿತ್ತು. ಹೊಸ ಪುಸ್ತಕ ಗೈಡಿಗಾಗಿ ಅಮ್ಮನ ಕೈಗೆ ಬಂದಾಗ ಅವಳು ಮೊದಲು ತೆರೆದದ್ದು ಆ ಪಾಠವನ್ನು. ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡಿ, "ಇರ್ಬೇಕಿತ್ತು ಕಣ್ರೀ ಅದು," ಎಂದಳು. ಅಪ್ಪ ಹೂಂ ಎಂದ. ಅದಾದ ಮೇಲೂ ಅವಳು ಹಲವು ವರ್ಷ ಗೈಡು ಬರೆದಳು, ಅಪ್ಪ ನಿವೃತ್ತಿಯವರೆಗೆ ಪಾಠ ಮಾಡಿದ. ಕೊನೆಕೊನೆಗೆ ಅವನೂ ನೋಟ್ಸ್ ಹೇಳಿ ಬರೆಸುತ್ತಿದ್ದ. ನಾನೂ ಹೈಸ್ಕೂಲು ಟೀಚರಾದೆ. ಪ್ರತಿ ಬೇಸಿಗೆಯಲ್ಲಿ ನಮಗೊಂದು ತರಬೇತಿ ಇರುತ್ತದೆ. ಮಕ್ಕಳು ಪ್ರಶ್ನಿಸುವಂತೆ, ಸ್ವಂತವಾಗಿ ಯೋಚಿಸುವಂತೆ ಪಠ್ಯವನ್ನು ಹೊಸದಾಗಿ ಕಟ್ಟಲಾಗಿದೆ ಎನ್ನುತ್ತಾರೆ. ಸುಳ್ಳಲ್ಲ, ಪುಸ್ತಕಗಳಲ್ಲಿ ಒಳ್ಳೆಯ ಪ್ರಶ್ನೆಗಳು ಇವೆ. ಮಧ್ಯಾಹ್ನ ಊಟವಾದ ಮೇಲೆ ಅವುಗಳ ಮಾದರಿ ಉತ್ತರಗಳ ಪ್ರತಿ ಹಂಚುತ್ತಾರೆ. ನಾನು ಸಾಲಿನಲ್ಲಿ ನಿಂತು ತೆಗೆದುಕೊಳ್ಳುತ್ತೇನೆ. ನನಗೆ ಅರವತ್ತು ಮಕ್ಕಳಿದ್ದಾರೆ, ಡಿಸೆಂಬರಿನೊಳಗೆ ಪಾಠ ಮುಗಿಯಬೇಕು.

ವಯಸ್ಸಾದ ಮೇಲೆ ಅಮ್ಮ ಆಗಾಗ, ಯಾವ ಸಂಬಂಧವೂ ಇಲ್ಲದೆ, ಕೇಳುತ್ತಿದ್ದಳು.

"ಆ ಹಿನಕಲ್ ಹುಡುಗಿ ಏನಾದ್ಲೋ. ಚೆನ್ನಾಗಿ ಬರ್ದಿದ್ಲು. ಅವಳ ಕೈಲಿ ಅದನ್ನ ಬಿಡಿಸ್ದೋಳು ನಾನು."

ವಿಚಾರಿಸುತ್ತೇನೆ ಎನ್ನುತ್ತಿದ್ದೆ. ವಿಚಾರಿಸಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನನಗೆ ಅವಳ ಮುಖ ನೋಡುವುದು ಬೇಕಿರಲಿಲ್ಲ.

ಅಮ್ಮ ಹೋದದ್ದು ಹೋದ ವರ್ಷ. ಶಿವಗಣಾರಾಧನೆಯ ದಿನ ನೆಂಟರು, ಅಪ್ಪನ ಹಳೆಯ ವಿದ್ಯಾರ್ಥಿಗಳು ತುಂಬ ಜನ ಬಂದಿದ್ದರು. ಊಟದ ಹೊತ್ತಿಗೆ ಕನ್ನಡಕ ಹಾಕಿದ ದಪ್ಪನೆಯ ಹೆಂಗಸೊಬ್ಬರು ಬಂದು, ಅಮ್ಮನ ಫೋಟೋದ ಮುಂದೆ ನಿಂತು, ಆಮೇಲೆ ನನ್ನ ಕೈ ಹಿಡಿದುಕೊಂಡರು. ದನಿ ಕೇಳಿದ ಮೇಲೆಯೇ ಭಾಗ್ಯ ಎಂದು ಗುರುತು ಸಿಕ್ಕಿದ್ದು. ಪೇಪರಿನಲ್ಲಿ ಫೋಟೋ ನೋಡಿ ಬಂದೆ ಎಂದಳು. ಹಿನಕಲ್‌ನಲ್ಲಿ ಸ್ವಂತ ಟೈಲರ್ ಅಂಗಡಿ, ನಾಲ್ಕು ಜನ ಹುಡುಗಿಯರು ಕೆಲಸಕ್ಕಿದ್ದಾರೆ. ಬೀದಿಗೆ ನೀರು ಬಂದು ಎಷ್ಟೋ ವರ್ಷವಾಯಿತು, ಅದಕ್ಕಾಗಿ ಹೆಂಗಸರನ್ನು ಕಟ್ಟಿಕೊಂಡು ಓಡಾಡಿದವಳು ಅವಳೇ. ಊಟವಾಗಿ ಕೈ ತೊಳೆಯುವ ಕಡೆ ನಿಂತಿದ್ದಾಗ, ಇಷ್ಟು ವರ್ಷ ಹೇಳದಿದ್ದದ್ದನ್ನು ಹೇಳಿದೆ.

"ಅವತ್ತು ಪರೀಕ್ಷೇಲಿ ನಾನು ಗೈಡಲ್ಲಿರೋದನ್ನೇ ಬರ್ದೆ ಕಣೆ. ನಿನ್ನ ಜೊತೆ ಬಂದು ಎಲ್ಲಾ ನೋಡಿದ್ರೂನೂ."

"ಗೊತ್ತು."

"ಅಪ್ಪ ಹೇಳಿದ್ರಾ?"

"ಯಾರೂ ಯೋಳ್ಲಿಲ್ಲ. ನಿನ್ನ ಹಿಂದ್ಲ ಬೆಂಚಲ್ಲೇ ಅಲ್ವಾ ನಾನು ಕೂತಿದ್ದಿದ್ದು. ನೀನು ಒಂದು ಎರಡು ಅಂತ ನಂಬರ್ ಹಾಕೋದು ಕಾಣ್ತಿತ್ತು. ಗೈಡು ನಮ್ಮನೇಲೂ ಇತ್ತು, ನಂಗೂ ಬಾಯಿಗೆ ಬತ್ತಿತ್ತು."

"ಮತ್ಯಾಕೆ ಬರೀಲಿಲ್ಲ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಇದೇನು ಕೇಳುತ್ತಿದ್ದೀಯ ಎಂಬಂತೆ ನನ್ನನ್ನು ನೋಡಿದಳು.

"ಮೇಷ್ಟ್ರು ಕೇಳಿದ್ರಲ್ಲ ಗೌರಿ. ಕೇಳ್ದೋರ್ಗೆ ಯೋಳ್ಬೇಕಲ್ವಾ. ಎಲ್ಡನೇ ಸಲ ಪಾಸಾಗ್ಬೇಕಿತ್ತು, ಅದ್ಕೆ ಅದನ್ನ ಬರ್ದೆ. ನಿಮ್ಮಮ್ಮ ಇಲ್ದಿದ್ರೆ ನಾನು ಎಸ್ಸೆಸ್ಸೆಲ್ಸಿ ನೋಡ್ತಿರ್ಲಿಲ್ಲ."

ಅವಳು ಅಪ್ಪನಿಗೆ ನಮಸ್ಕಾರ ಮಾಡಿ ಬಸ್ಸಿಗೆ ಹೊರಟಳು. ಅಪ್ಪನಿಗೆ ಈಗ ಕಿವಿ ಮಂದ. ಯಾರು ಬಂದಿದ್ದರು ಎಂದು ಕೇಳಿದ. ಅವನ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿಯ ಹತ್ತಿರ ಬಾಗಿ, ಭಾಗ್ಯ ಅಂದದ್ದನ್ನೆಲ್ಲ ಒಂದೊಂದೇ ಮಾತಾಗಿ ಹೇಳಿದೆ. ಅವನು ಎರಡು ಕೈಯನ್ನೂ ಕೋಲಿನ ಮೇಲಿಟ್ಟು ಕೇಳಿದ. ಪಂಕ್ತಿ ಎದ್ದು, ಎಲೆ ತೆಗೆಯುವವರು ಆ ಕಡೆಯಿಂದ ಬರುತ್ತಿದ್ದರು.

"ಇದನ್ನ ನಿಮ್ಮಮ್ಮನಿಗೆ ಹೇಳ್ಬೇಕಿತ್ತು," ಎಂದ.

ಹೌದು ಎಂದೆ. ಬೆಳಗಿನಿಂದ ಕೂತು ಅವನಿಗೆ ಸೊಂಟ ಹಿಡಿದಿತ್ತು. ಕೈ ಕೊಟ್ಟು ಎಬ್ಬಿಸಿದೆ.